ಹಾಡು ಹೊಡೆಯುವ ಪಂಪು

ಜನವರಿ ತಿಂಗಳ ಎರಡನೆಯ ಶನಿವಾರ, ಬೆಳಗ್ಗೆ ಏಳು ಗಂಟೆ ಹತ್ತು ನಿಮಿಷ. ಸ್ಥಳ, ರಾಮನಾಥಪುರದಿಂದ ಸ್ವಲ್ಪ ಮೇಲಕ್ಕೆ, ಕಾವೇರಿ ದಡದಲ್ಲಿ ಪುಟ್ಟೇಗೌಡರ ಹೊಲದ ಅಂಚು. ಹಾಜರಿದ್ದವರು ನಾಲ್ವರು: ನಾನು, ನನ್ನ ಹೆಂಡತಿ ಸರೋಜ, ಚನ್ನರಾಯಪಟ್ಟಣದ ಮೈಕ್‌ಸೆಟ್ ಧರಣೇಂದ್ರ ಮತ್ತು ಹೊಲದ ಯಜಮಾನರಾದ ಪುಟ್ಟೇಗೌಡರು. ಗೈರುಹಾಜರಿ ಇಲ್ಲ.

ಹೀಗೆ ಬರೆದರೆ ನಗಬೇಡಿ. ಮೂವತ್ತನಾಲ್ಕು ವರ್ಷ ಪ್ರೌಢಶಾಲೆಗಳಲ್ಲಿ ಡ್ರಿಲ್ ಮಾಸ್ತರನಾಗಿದ್ದವನು ನಾನು. ಹಾಜರಿ ತೆಗೆದುಕೊಳ್ಳದೆ ನನಗೆ ಊಟವೂ ರುಚಿಸುವುದಿಲ್ಲ.

ವ್ಯಾನಿನಿಂದ ಸಾಮಾನು ಇಳಿಸುತ್ತಿದ್ದೆವು. ಎರಡು ಡೇರೆ, ನಾಲ್ಕು ಜಮಖಾನ, ಒಲೆ, ಪಾತ್ರೆ ಚೀಲ. ಕೊನೆಯಲ್ಲಿ ಇಳಿದದ್ದು ಹಳದಿ ಬಣ್ಣದ ಒಂದು ಪ್ಲಾಸ್ಟಿಕ್ ಡಬ್ಬಿ, ಬೆನ್ನಿಗೆ ಹಾಕಿಕೊಳ್ಳುವ ಎರಡು ಪಟ್ಟಿಗಳ ಸಮೇತ. ಪುಟ್ಟೇಗೌಡರು ಅದನ್ನು ನೋಡಿ ಕೈಯಲ್ಲಿದ್ದ ಡೇರೆಯ ಗೂಟವನ್ನು ಕೆಳಗಿಟ್ಟರು.

"ಇದ್ಯಾಕ್ ಸಾ ಔಸ್ದಿ ಒಡಿಯೋ ಪಂಪ್ ತಂದಿದೀರಿ? ನಮ್ ಒಗೆಸೊಪ್ಪೆಲ್ಲಾ ಅರಾಜಿಗೋಯ್ತಲ್ಲ. ಈಗ್ ಯಾತಕ್ ಒಡೀತೀರಿ?"

"ಔಷಧಿ ಅಲ್ಲ ಗೌಡ್ರೇ, ಹಾಡು ಹೊಡೀತೀವಿ" ಎಂದ ಧರಣೇಂದ್ರ.

ಗೌಡರು ಅವನ ಮುಖ ನೋಡಿದರು, ನನ್ನ ಮುಖ ನೋಡಿದರು. "ಪಟ್ಟಣ್ದೋರು ಏನ್ ಬೇಕಾದ್ರೂ ಒಡೀತೀರಿ ಬುಡಿ" ಎಂದು ಗೂಟ ಎತ್ತಿಕೊಂಡರು.

ಈ ಪಂಪಿನ ಕತೆ ಹೇಳಬೇಕಾದರೆ ಒಂದು ಬಂಡೆಯ ಕತೆ ಹೇಳಬೇಕು.

ನಾವು ಕ್ಯಾಂಪು ಹೊಡೆಯಲು ಶುರುಮಾಡಿದಾಗ ಅದು ಯಾರಿಗೂ ಮೋಜಿನ ಸಂಗತಿಯಾಗಿರಲಿಲ್ಲ. ಶಾಲೆಯ ಹಳೆಯ ಡೇರೆಗಳನ್ನು ಬಿಸಿಲಿಗೆ ಹಾಕಬೇಕು, ಇಲ್ಲವಾದರೆ ಗೆದ್ದಲು ಹಿಡಿಯುತ್ತದೆ. ಬಿಸಿಲಿಗೆ ಹಾಕುವುದೇ ಆದರೆ ಹೊಳೆದಂಡೆಯಲ್ಲೇ ಹಾಕೋಣ ಎಂದು ಹೊರಟದ್ದು. ಕೆಲಸದಿಂದ ಬಿಡುಗಡೆಯಾಗಿ, ಶಾಲೆ ಬೇಡವೆಂದ ಎರಡು ಡೇರೆ ಕೊಂಡುಕೊಂಡು ಹೊಳೆನರಸೀಪುರದಲ್ಲಿ ನೆಲೆ ನಿಂತ ಮೇಲೂ ವರ್ಷಕ್ಕೊಂದು ಸಲ ಅದು ತಪ್ಪಲಿಲ್ಲ. ಬೆಳಗ್ಗೆ ಐದೂಮುಕ್ಕಾಲಿಗೆ ಏಳುವುದು, ಆರಕ್ಕೆ ಸೀಟಿ, ಆರೂ ಹತ್ತಕ್ಕೆ ಕಾಫಿ. ಸರೋಜ ಮಾತ್ರ ಈ ವೇಳಾಪಟ್ಟಿಗೆ ಎಂದೂ ಸೇರಿದವಳಲ್ಲ. ಅವಳು ಕಾಫಿಯ ಲೋಟ ಹಿಡಿದುಕೊಂಡು ಹೊಳೆದಂಡೆ ಹಿಡಿದು ನಡೆದು, ನೀರು ತಿರುಗುವ ಕಡೆ ಇರುವ ಒಂದು ಚಪ್ಪಟೆ ಬಂಡೆಯ ಮೇಲೆ ಹೋಗಿ ಕೂರುತ್ತಿದ್ದಳು. ಕಾಲು ನೀರಿನಲ್ಲಿ, ಲೋಟ ಮಡಿಲಲ್ಲಿ. ನಾನು ಸೀಟಿ ಊದಿದರೂ ಬರುತ್ತಿರಲಿಲ್ಲ. "ನಾನೇನು ಎಂಟನೇ ಕ್ಲಾಸಾ?" ಎನ್ನುತ್ತಿದ್ದಳು.

ಮೂರು ವರ್ಷದ ಹಿಂದೆ ಅವಳ ಕಾಲು ಅವಳ ಮಾತು ಕೇಳುವುದನ್ನು ನಿಲ್ಲಿಸಿತು. ಅಡುಗೆಮನೆಯ ಹೊಸ್ತಿಲಲ್ಲಿ ನಿಂತಳೆಂದರೆ ನಿಂತೇಬಿಟ್ಟಳು. ಮೈ ಮುಂದಕ್ಕೆ ಹೋಗಬೇಕೆನ್ನುತ್ತದೆ, ಪಾದ ಬರುವುದಿಲ್ಲ. ಹಾಸನದ ಡಾಕ್ಟರು ಅದಕ್ಕೆ ಪಾರ್ಕಿನ್ಸನ್ ಎಂದು ಹೆಸರು ಹೇಳಿದರು. ಸರೋಜ ಅದಕ್ಕಿಟ್ಟ ಹೆಸರು ಬೇರೆ. "ಮೆತ್ಕೊಂತು ನೋಡಿ" ಎನ್ನುತ್ತಾಳೆ, ಅಂಟಿಗೆ ಸಿಕ್ಕಿದ ನೊಣದ ಬಗ್ಗೆ ಹೇಳುವ ಹಾಗೆ. ಡಾಕ್ಟರು ಮಾತ್ರೆಯ ಜೊತೆಗೆ ಇನ್ನೊಂದು ಮಾತು ಹೇಳಿದ್ದರು: "ತಾಳಕ್ಕೆ ಸರಿಯಾಗಿ ನಡೆಸಿ ನೋಡಿ. ಎಷ್ಟೋ ಜನರಿಗೆ ಕಾಲು ಬಿಡುತ್ತೆ."

ತಾಳ! ನನ್ನ ಎದೆ ಎಷ್ಟು ಉಬ್ಬಿತೆಂದರೆ, ಹಾಸನದ ಬಸ್‌ಸ್ಟ್ಯಾಂಡಿನಲ್ಲೇ "ಎಡ, ಬಲ, ಎಡ" ಶುರುಮಾಡಿದೆ. ಮೂವತ್ತನಾಲ್ಕು ವರ್ಷದ ವಿದ್ಯೆ ಮನೆಯವರಿಗೇ ಉಪಯೋಗಕ್ಕೆ ಬಂತಲ್ಲ ಎಂದು. ಸರೋಜ ಎರಡು ಹೆಜ್ಜೆ ಇಟ್ಟು ಮೆತ್ತಿಕೊಂಡು ನಿಂತಳು.

"ನಿಮ್ಮ ಎಡ ಬಲ ಕೇಳಿದ್ರೆ ಬೈಸ್ಕೊಂಡಂಗೆ ಆಗುತ್ತೆ ಕಣ್ರೀ. ಬೈಸ್ಕೊಂಡು ಯಾರಾದ್ರೂ ನಡೀತಾರಾ?"

ಆದರೆ ಮನೆಯಲ್ಲಿ ರೇಡಿಯೊದಲ್ಲಿ ಜನಪದ ಗೀತೆ ಬಂದರೆ ಅದೇ ಹೊಸ್ತಿಲನ್ನು ಏನೂ ಆಗದವಳಂತೆ ದಾಟುತ್ತಿದ್ದಳು. ನಾನು ಕಣ್ಣಾರೆ ಕಂಡಿದ್ದೇನೆ. ಹಾಡು ನಿಂತು ವಾರ್ತೆ ಶುರುವಾದರೆ ಅಲ್ಲೇ ಮೆತ್ತಿಕೊಳ್ಳುತ್ತಿದ್ದಳು.

ಎರಡು ವರ್ಷ ಕ್ಯಾಂಪಿಗೆ ಅವಳು ಬರಲಿಲ್ಲ. ಅವಳನ್ನು ಬಿಟ್ಟು ನಾನೂ ಹೋಗಲಿಲ್ಲ. ಈ ಸಲ ದೀಪಾವಳಿ ಕಳೆದ ಮೇಲೆ ಅವಳೇ ಮಾತು ತೆಗೆದಳು. "ಆ ಬಂಡೆಗೆ ನಾನೇ ನಡ್ಕೊಂಡು ಹೋಗೋ ಹಾಗಿದ್ರೆ ಬರ್ತೀನಿ. ಎತ್ಕೊಂಡು ಹೋಗೋದು, ಕುರ್ಚಿಲಿ ತಳ್ಳೋದು, ಅದೆಲ್ಲ ಬೇಡ. ಆಗಲಿಲ್ಲ ಅಂದ್ರೆ ಡೇರೆಗಳನ್ನ ಯಾರಿಗಾದ್ರೂ ಕೊಟ್ಟುಬಿಡಿ. ಗೆದ್ದಲು ತಿನ್ನೋದು ಬೇಡ."

ಹೊಳೆದಂಡೆಯಲ್ಲಿ ಕರೆಂಟಿಲ್ಲ. ಬ್ಯಾಟರಿಯಲ್ಲಿ ನಡೆಯುವ, ಬಯಲಿನಲ್ಲೂ ಗಟ್ಟಿಯಾಗಿ ಕೇಳುವ ಹಾಡಿನ ಪೆಟ್ಟಿಗೆ ಬೇಕು. ಅಂಗಡಿಯಿಂದ ಒಂದು ಸಣ್ಣ ಡಬ್ಬಿ ತಂದೆ. ಹೊಳೆಯ ಸದ್ದಿನ ಮುಂದೆ ಅದು ಸೊಳ್ಳೆಯ ಹಾಗೆ ಕೇಳಿತು. ಆಗ ನೆನಪಾದವನು ಧರಣೇಂದ್ರ.

ಧರಣೇಂದ್ರ ನನ್ನ ಹಳೆಯ ವಿದ್ಯಾರ್ಥಿ. ಈಗ ಅವನಿಗೂ ತಲೆ ನರೆತಿದೆ. ಚನ್ನರಾಯಪಟ್ಟಣದಲ್ಲಿ ತೆಂಗಿನಕಾಯಿ ಮಂಡಿಗಳ ಹಿಂದಿನ ಬೀದಿಯಲ್ಲಿ ಅವನ ಅಂಗಡಿ. ಮದುವೆ, ನಾಟಕ, ಸಭೆ, ಏನಿದ್ದರೂ ಮೈಕ್‌ಸೆಟ್ಟು ಅವನದೇ. ಗೋಡೆಯ ತುಂಬ ಹಾರನ್ನುಗಳು ಬಾಯಿ ತೆರೆದುಕೊಂಡು ನೇತಾಡುತ್ತಿರುತ್ತವೆ. ನಾನು ಒಳಗೆ ಕಾಲಿಟ್ಟ ಕೂಡಲೇ ಅವನು ಸ್ಟೂಲಿನಿಂದ ಎದ್ದು ನೆಟ್ಟಗೆ ನಿಂತ.

"ಕೂತ್ಕೋ ಕಣಯ್ಯಾ" ಎಂದೆ.

"ನಿಮ್ಮನ್ನ ನೋಡಿದ್ರೆ ಕಾಲು ತಾನೇ ನಿಂತ್ಕೊಂಬುಡ್ತದೆ ಮೇಷ್ಟ್ರೇ. ನಡಿಯೋದ್ ಮಾತ್ರ ಇವತ್ತಿಗೂ ಬರಲ್ಲ."

ಅವನ ಚುಚ್ಚುಮಾತು ನನಗೆ ಅರ್ಥವಾಯಿತು. ಎಂಟನೇ ತರಗತಿಯಲ್ಲಿ ಧರಣೇಂದ್ರನ ಹೆಜ್ಜೆ ತಪ್ಪುತ್ತಿತ್ತು. ಸ್ವಾತಂತ್ರ್ಯ ದಿನದ ಕವಾಯತಿನಲ್ಲಿ ಇಡೀ ಸಾಲು ಎಡಗಾಲು ಎತ್ತಿದರೆ ಕೊನೆಯಲ್ಲಿ ಇವನೊಬ್ಬ ಬಲಗಾಲಿನಲ್ಲಿ ಇರುತ್ತಿದ್ದ. ಹದಿನೈದು ದಿನ ತಿದ್ದಿದೆ. ಹದಿನಾರನೆಯ ದಿನ ಸೀಟಿ ಊದಿ, ಬೆರಳು ತೋರಿಸಿ, "ಸಾಲಿನಿಂದ ಆಚೆ ಬಾ" ಎಂದೆ. ಸುಮ್ಮನೆ ನಿಲ್ಲುವುದು ಬೇಡವೆಂದು ಬಾಡಿಗೆಗೆ ಬಂದಿದ್ದ ಮೈಕ್‌ಸೆಟ್ಟನ್ನು ಕಾಯಲು ಬಿಟ್ಟೆ. ಅವನ ಜೀವನಕ್ಕೆ ದಾರಿ ತೋರಿಸಿದವನು ನಾನೇ ಎಂದು ಎಷ್ಟೋ ಸಭೆಗಳಲ್ಲಿ ಹೇಳಿಕೊಂಡಿದ್ದೇನೆ. ಅವನದೇ ಮೈಕಿನಲ್ಲಿ.

ಸರೋಜಳ ವಿಷಯ ಹೇಳಿದೆ. ಅವನು ಹಣೆ ಕೆರೆದುಕೊಂಡು, "ಒಂದ್ ವಾರ ಟೈಮ್ ಕೊಡಿ" ಎಂದ.

ವಾರಕ್ಕೆ ಸರಿಯಾಗಿ ತಂದದ್ದು ಹಲಸಿನ ಹಲಗೆಯ ಒಂದು ಪೆಟ್ಟಿಗೆ. ಒಳಗೆ ಎರಡು ದೊಡ್ಡ ಸ್ಪೀಕರು, ಒಂದು ಕಾರಿನ ಬ್ಯಾಟರಿ. ಇಬ್ಬರು ಹಿಡಿದು ಇಳಿಸಬೇಕಾಯಿತು. ಭಾನುವಾರ ನಮ್ಮ ಮನೆಯ ಹತ್ತಿರದ ಶಾಲೆಯ ಮೈದಾನದಲ್ಲಿ ಇಟ್ಟು ಹಾಡು ಹಾಕಿದ. ಏನು ಸದ್ದು! ಎದುರು ಬೀದಿಯ ಕಿಟಕಿಗಳು ತೆರೆದವು. ಸರೋಜ ಪೆಟ್ಟಿಗೆಯ ಹತ್ತಿರ ಹದಿನೈದು ಹೆಜ್ಜೆ ಚೆನ್ನಾಗಿಯೇ ಇಟ್ಟಳು. ದೂರ ಹೋಗಿ ಶಾಲೆಯ ಗೋಡೆಯ ಹತ್ತಿರಕ್ಕೆ ಬಂದಾಗ ಮೆತ್ತಿಕೊಂಡಳು. ಮೂರು ಸಲ ನೋಡಿದೆವು. ಮೂರು ಸಲವೂ ಅದೇ ಜಾಗ.

ನಾನು ಹುಮ್ಮಸ್ಸಿನಿಂದ "ಎಡ!" ಎಂದೆ. ಇಬ್ಬರೂ ಒಟ್ಟಿಗೆ ನನ್ನ ಕಡೆ ನೋಡಿದ ನೋಟಕ್ಕೆ ಬಾಯಿ ಮುಚ್ಚಿಕೊಂಡೆ.

ಧರಣೇಂದ್ರ ಅವಳ ಪಕ್ಕದಲ್ಲೇ ಹೋಗಿ ಕಣ್ಣು ಮುಚ್ಚಿ ನಿಂತ. "ಅಮ್ಮಾವ್ರಿಗೆ ಎರಡ್ ಸದ್ದು ಬತ್ತಾ ಅದೆ ಮೇಷ್ಟ್ರೇ. ಒಂದು ಪೆಟ್ಟಿಗೇದು, ಒಂದು ಗ್ವಾಡೇದು. ಗ್ವಾಡೇದು ಸುತ್ಕೊಂಡು ಬರ್ತದಲ್ಲ, ಲೇಟು. ಯಾವ್ದಕ್ಕೆ ಕಾಲ್ ಎತ್ತಬೇಕು ಪಾಪ?"

"ಸದ್ದು ಅಷ್ಟು ಲೇಟಾಗುತ್ತೇನಯ್ಯಾ?"

ಅವನು ನನ್ನನ್ನು ಮೈದಾನದ ಆ ತುದಿಗೆ ಕಳಿಸಿದ. ಈ ತುದಿಯಲ್ಲಿ ಒಂದು ಸ್ಟೀಲ್ ತಟ್ಟೆ ಹಿಡಿದು ಸ್ಪ್ಯಾನರಿನಿಂದ ಹೊಡೆದ. ಕೈ ಕೆಳಗೆ ಬಂದದ್ದು ಕಂಡಿತು. ಸದ್ದು ಆಮೇಲೆ ಬಂತು. ಮತ್ತೆ ಹೊಡೆದ. ಕೈ ಮೊದಲು, ಸದ್ದು ಆಮೇಲೆ. ನಡುವೆ ಹೆಚ್ಚುಕಡಿಮೆ ಅರ್ಧ ಹೆಜ್ಜೆಯಷ್ಟು ಅಂತರ.

ನಾನು ಅಲ್ಲೇ ನಿಂತೆ. ನಮ್ಮ ಹಳೆಯ ಶಾಲೆಯ ಮೈದಾನ ಇದಕ್ಕಿಂತ ಉದ್ದವಾಗಿತ್ತು. ಡ್ರಮ್ಮಿನವನು ಧ್ವಜದ ಹತ್ತಿರ ನಿಲ್ಲುತ್ತಿದ್ದ. ಧರಣೇಂದ್ರ ಕೊನೆಯ ಸಾಲಿನ ಕೊನೆಯವನು.

ನಿಧಾನವಾಗಿ ನಡೆದು ವಾಪಸು ಬಂದೆ. ಅವನು ತಟ್ಟೆಯನ್ನು ಚೀಲಕ್ಕೆ ಹಾಕುತ್ತಿದ್ದ.

"ಧರಣೇಂದ್ರ, ಆವತ್ತು ನೀನು..."

"ನಾನು ಡ್ರಮ್ ಸದ್ದಿಗೆ ಕಾಲ್ ಆಕ್ತಿದ್ದೆ ಮೇಷ್ಟ್ರೇ. ಅವ್ರೆಲ್ಲಾ ಮುಂದಿನೋನ್ ಕಾಲ್ ನೋಡ್ಕೊಂಡು ಆಕ್ತಿದ್ರು."

"ಆಗಲೇ ಹೇಳಬಾರದಿತ್ತೇನೋ?"

"ನಿಮ್ ಬಾಯಲ್ಲಿ ಸೀಟಿ ಇರೋವಾಗ ಯಾರ್ ಮೇಷ್ಟ್ರೇ ಮಾತಾಡೋರು? ಅದೂ ಅಲ್ದೆ, ನಂಗೂ ಆಗ ಗೊತ್ತಿರ್ಲಿಲ್ಲ. ಜಾತ್ರೆ ಬೀದೀಲಿ ಸಾಲಾಗಿ ಹಾರನ್ ಕಟ್ಟೋಕ್ ಶುರುಮಾಡಿದ್ ಮೇಲೆ ಗೊತ್ತಾಯ್ತು."

ನಾನು ನಲವತ್ತು ವರ್ಷ ಹೇಳಿಕೊಂಡು ತಿರುಗಿದ ಕತೆಯಲ್ಲಿ ಹೆಜ್ಜೆ ತಪ್ಪಿದವನು ಯಾರೆಂಬುದು ಇಷ್ಟು ಹೊತ್ತಿಗೆ ನಿಮಗೂ ತಿಳಿದಿರಬೇಕು. ಇಡೀ ಶಾಲೆಯಲ್ಲಿ ಕಿವಿಯಿದ್ದ ಒಬ್ಬನೇ ಒಬ್ಬನನ್ನು ನಾನು ಸಾಲಿನಿಂದ ತೆಗೆದಿದ್ದೆ.

"ಪೆಟ್ಟಿಗೆ ಒಂದ್ ಕಡೆ ಕೂತ್ರೆ ಆಗಲ್ಲ" ಎಂದ ಅವನು, ನನ್ನ ಸಂಕಟಕ್ಕೆ ಹೆಚ್ಚು ಸಮಯ ಕೊಡದೆ. "ಒಳೆ ಆಚೆ ದಡದ ಬಂಡೆಗಳೂ ಈ ಗ್ವಾಡೆ ತರಾನೇ ಸದ್ದು ವಾಪಸ್ ಕಳಿಸ್ತವೆ. ಹಾಡು ಅಮ್ಮಾವ್ರ ಜೊತೆಗೇ ನಡೀಬೇಕು."

ಹೇಗೆ ನಡೆಯಬೇಕೆಂಬುದು ದಂಡಿಗನಹಳ್ಳಿಯ ಹತ್ತಿರ ಹೊಳೆಯಿತು. ಅಲ್ಲಿಗೆ ನಾವು ಹೋದದ್ದು ಕೋಲಾಟದ ಹಾಡು ರೆಕಾರ್ಡು ಮಾಡಿಕೊಳ್ಳಲು. ಸರೋಜಳ ತವರು ಅದು, ಅವಳ ತಂಗಿ ಜಯ ಈಗಲೂ ಅಲ್ಲೇ ಇದ್ದಾಳೆ. ಅಕ್ಕತಂಗಿಯರಿಬ್ಬರೂ ಒಂದು ಕಾಲದಲ್ಲಿ ಕೋಲಾಟದ ಮುಂದಿನ ಜೋಡಿ. ದಾರಿಯಲ್ಲಿ ಒಬ್ಬ ರೈತ ಬೆನ್ನಿಗೆ ಬ್ಯಾಟರಿ ಪಂಪು ಹಾಕಿಕೊಂಡು ಟೊಮೇಟೊ ಸಾಲಿನಲ್ಲಿ ಔಷಧಿ ಹೊಡೆಯುತ್ತ ಹೋಗುತ್ತಿದ್ದ. ಧರಣೇಂದ್ರ ವ್ಯಾನು ನಿಲ್ಲಿಸಿ ಸ್ಟೇರಿಂಗ್ ಮೇಲೆ ಕೈಯಿಟ್ಟುಕೊಂಡು ನೋಡಿಯೇ ನೋಡಿದ.

"ಬ್ಯಾಟ್ರಿ ತಳದಲ್ಲೇ ಅದೆ. ಸ್ವಿಚ್ಚದೆ. ಚಾರ್ಜ್ ಮಾಡೋ ತೂತದೆ. ಹೊತ್ಕೊಳಕ್ ಪಟ್ಟಿ ಅದೆ. ಪೆಟ್ಟಿಗೆ ಮಾಡಕ್ಕೆ ನಾನ್ಯಾಕ್ ಹಲ್ಗೆ ಕುಯ್ದೆ ಮೇಷ್ಟ್ರೇ?"

ಪರಿಚಯದ ಅಂಗಡಿಯೊಂದರಲ್ಲಿ, ಸಾಗಿಸುವಾಗಲೇ ಬಿರುಕು ಬಿಟ್ಟು ಮೂಲೆ ಸೇರಿದ್ದ, ಒಂದು ಹನಿ ಔಷಧಿಯನ್ನೂ ಕಾಣದ ಪಂಪು ಸಿಕ್ಕಿತು. ಆಮೇಲಿನ ಕೆಲಸವನ್ನು ನಾನು ಪಕ್ಕದಲ್ಲಿ ಕೂತು ನೋಡಿದ್ದೇನೆ. ಅವನ ಕೈ ನೋಡುವುದೇ ಒಂದು ಪಾಠ. ಬಿರುಕಿದ್ದ ಕಡೆಯೇ ಕಾಯಿಸಿದ ಬ್ಲೇಡಿನಿಂದ ದುಂಡಗೆ ಕೊಯ್ದು ಸ್ಪೀಕರು ಕೂರಿಸಿದ, ಹಾಗಾಗಿ ಬಿರುಕೂ ಹೋಯಿತು. ನೀರು ಎತ್ತುವ ಮೋಟಾರು ತೆಗೆದು, ಆ ಜಾಗದಲ್ಲಿ ಅಂಗೈಯಗಲದ ಆಂಪ್ಲಿಫೈಯರು ಇಟ್ಟ. ಮೊದಲ ಸಲ ಹಾಡು ಹಾಕಿದಾಗ ಖಾಲಿ ಡ್ರಮ್ಮಿನೊಳಗೆ ಕೂತು ಹಾಡಿದ ಹಾಗೆ ಗುಂಯ್‌ಗುಟ್ಟಿತು. ಎದ್ದು ಹಿಂದಿನ ಮಂಡಿಗೆ ಹೋಗಿ ಒಂದು ತೆಕ್ಕೆ ತೆಂಗಿನ ನಾರು ತಂದು, ಹಿಂಜಿ ಹಿಂಜಿ, ಮೇಲಿನ ಮುಚ್ಚಳದ ಬಾಯಿಂದ ಕೈಹಾಕಿ ಒಳಗೆ ತುಂಬಿದ. ಮತ್ತೆ ಹಾಡು ಹಾಕಿದ. ಗುಂಯ್ ಹೋಗಿ ಕೋಲಿಗೆ ಕೋಲು ತಾಗಿದ ಸದ್ದು ಮಾತ್ರ ಉಳಿಯಿತು. ನಾನು ನೆಟ್ಟಗೆ ಕೂತೆ. ಸ್ಪೀಕರಿಗೆ ಮುಚ್ಚಳವಾಗಿ ಸ್ಟೀಲಿನ ಹಿಟ್ಟಿನ ಜರಡಿ. ಆ ಜರಡಿ ನಮ್ಮ ಮನೆಯದು ಎಂಬುದು ಸರೋಜಳಿಗೆ ರಾಗಿ ಹಿಟ್ಟು ಜರಡಿ ಹಿಡಿಯುವ ದಿನ ತಿಳಿಯಿತು.

ಹಾಡಿನ ವೇಗದ ಬಗ್ಗೆ ನಾನೊಂದು ಸಲಹೆ ಕೊಟ್ಟೆ. ನಿಮಿಷಕ್ಕೆ ನೂರಿಪ್ಪತ್ತು ಹೆಜ್ಜೆ, ಅದು ಕವಾಯತಿನ ಲೆಕ್ಕ, ಜಗತ್ತೇ ಒಪ್ಪಿದ್ದು. ಧರಣೇಂದ್ರ ತಲೆಯಾಡಿಸಿ ನಮ್ಮ ಮನೆಗೆ ಬಂದು, ಸರೋಜ ಹಜಾರದಲ್ಲಿ ಓಡಾಡುವುದನ್ನು ಮುಕ್ಕಾಲು ಗಂಟೆ ನೋಡಿದ. ಸ್ಕ್ರೂಡ್ರೈವರಿನಿಂದ ಡಬ್ಬದ ಮುಚ್ಚಳದ ಮೇಲೆ ಮೆಲ್ಲಗೆ ಕುಟ್ಟುತ್ತ, ತಡಮಾಡುತ್ತ, ಸ್ವಲ್ಪ ಬಿರುಸಾಗಿಸುತ್ತ, ಕಡೆಗೆ ಅವಳ ಪಾದಕ್ಕೂ ಅವನ ಕುಟ್ಟಿಗೂ ನಡುವೆ ಕೂದಲು ತೂರದ ಹಾಗೆ ಕೂಡಿಸಿದ. ಅದು ನನ್ನ ಲೆಕ್ಕಕ್ಕಿಂತ ಎಷ್ಟೋ ನಿಧಾನ. ಅದೇ ಕುಟ್ಟನ್ನು ನೆನಪಿಟ್ಟುಕೊಂಡು ದಂಡಿಗನಹಳ್ಳಿಗೆ ಇನ್ನೊಂದು ಸಲ ಹೋಗಿ, ಜಯಳ ಎದುರು ಕುಟ್ಟಿ ತೋರಿಸಿ, ಅದರಂತೆಯೇ ಕೋಲು ಹಾಕಿಸಿ ಹಾಡಿಸಿ ರೆಕಾರ್ಡು ಮಾಡಿ ತಂದ. ಎರಡನೆಯ ಹಾಡಿನ ನಡುವೆ ಜಯಳ ಮನೆಯ ಹುಂಜ ಒಂದು ಸಲ ಕೂಗುತ್ತದೆ. ಅಳಿಸಲೇ ಎಂದು ಕೇಳಿದ. ಸರೋಜ ಬೇಡವೆಂದಳು.

ಈಗ ಮತ್ತೆ ಹೊಳೆದಂಡೆಗೆ ಬನ್ನಿ. ಡೇರೆಗಳು ಎದ್ದವು, ಉಪ್ಪಿಟ್ಟಾಯಿತು, ಒಂಬತ್ತು ಗಂಟೆಗೆ ಹೊರಟೆವು. ಡೇರೆಯಿಂದ ಬಂಡೆಗೆ ಒಂದೂವರೆ ಫರ್ಲಾಂಗು, ಮರಳು ಬೆರೆತ ಕಾಲುದಾರಿ. ಪಂಪನ್ನು ಬೆನ್ನಿಗೆ ಹಾಕಿಕೊಂಡವನು ನಾನು. ಸ್ಪೀಕರು ಹಿಂದಕ್ಕೆ ಮುಖ ಮಾಡಿರುತ್ತದೆ, ನಾಲ್ಕು ಅಡಿ ಹಿಂದೆ ಸರೋಜ, ಅವಳ ಪಕ್ಕದಲ್ಲಿ ಧರಣೇಂದ್ರ. ಕೊನೆಯಲ್ಲಿ ಪುಟ್ಟೇಗೌಡರು ಒಂದು ಪ್ಲಾಸ್ಟಿಕ್ ಕುರ್ಚಿಯನ್ನು ಬೆನ್ನ ಹಿಂದೆ ಮರೆಮಾಡಿಕೊಂಡು ಬರುತ್ತಿದ್ದರು. ಕುರ್ಚಿಯನ್ನು ಮರೆಮಾಡುವಷ್ಟು ಅಗಲದ ಬೆನ್ನು ಅವರದಲ್ಲ.

"ಗೌಡ್ರೇ, ಅದು ಯಾರಿಗೆ?" ಎಂದಳು ಸರೋಜ, ತಿರುಗಿ ನೋಡದೆ.

"ನಂಗ್ ಕಣಕ್ಕಾ. ಮಂಡಿನೋವು."

"ನಿನ್ನೆ ತೆಂಗಿನಮರ ಹತ್ತಿದ್ರಂತೆ?"

"ಅದ್ಕೇ ಕಣಕ್ಕಾ ನೋವು!"

ಸ್ವಿಚ್ಚು ಹಾಕಿದೆ. ಜಯಳ ದನಿ ನನ್ನ ಬೆನ್ನಿನಿಂದ ಹೊರಟಿತು, ಕೋಲುಗಳು ನನ್ನ ಪಕ್ಕೆಲುಬಿನಲ್ಲೇ ತಾಗಿದ ಹಾಗಾಯಿತು. ಹೊರಟೆವು. ಹಿಂದೆ ಅವಳ ಚಪ್ಪಲಿಯ ಸದ್ದು, ಒಂದು, ಎರಡು, ಒಂದು, ಎರಡು. ಮೊದಲ ಹಾಡು ಮುಗಿದು ಎರಡನೆಯದು ಬಂತು. ಹುಂಜ ಕೂಗಿತು. ಅವಳು ನಕ್ಕದ್ದು ಕೇಳಿಸಿತು. ನಾನು ಹಿಗ್ಗಿದೆ. ಹಿಗ್ಗಿದ ಡ್ರಿಲ್ ಮಾಸ್ತರ ಏನು ಮಾಡುತ್ತಾನೆ? ಎದೆ ಮುಂದೆ ಮಾಡಿ ಹೆಜ್ಜೆ ಬೀಸುತ್ತಾನೆ.

ಚಪ್ಪಲಿಯ ಸದ್ದು ನಿಂತಿತು.

"ಮೆತ್ಕೊಂತು" ಎಂದಳು.

ತಿರುಗಿ ನೋಡಿದೆ. ಕಾಲುದಾರಿಯ ನಡುವೆ ನಿಂತಿದ್ದಾಳೆ. ಹಾಡು ನಡೆಯುತ್ತಲೇ ಇದೆ. ಬಂಡೆ ಅಲ್ಲೇ ಕಾಣುತ್ತಿದೆ, ಆದರೆ ಇನ್ನೂ ಅರ್ಧ ದಾರಿ. ಗೌಡರು ಕುರ್ಚಿಯನ್ನು ಒಂದು ಹೆಜ್ಜೆ ಮುಂದಕ್ಕೆ ತಂದರು. ಸರೋಜ ಕಣ್ಣಿನಲ್ಲೇ ಹಿಂದಕ್ಕೆ ಕಳಿಸಿದಳು. ಅವಳ ಕಣ್ಣು ತುಂಬಿತ್ತು. ಡೇರೆಗಳ ಬಗ್ಗೆ ಅವಳಾಡಿದ್ದ ಮಾತು ನನಗೆ ನೆನಪಾಯಿತು.

"ಬ್ಯಾಟರಿ ಇಳಿದಿರಬೇಕು" ಎಂದೆ.

"ಬ್ಯಾಟ್ರಿ ಚೆನ್ನಾಗೈತೆ" ಎಂದ ಧರಣೇಂದ್ರ. ಕೆಮ್ಮಿದ. ಮುಖ ತಿರುಗಿಸಿ ಹೊಳೆಯ ಕಡೆ ನೋಡುತ್ತ ಹೇಳಿದ: "ಮೇಷ್ಟ್ರೇ, ತಪ್ಪು ತಿಳ್ಕೊಬೇಡಿ. ನಿಮ್ ಹೆಜ್ಜೆ ತಪ್ತಾ ಅದೆ."

"ನನ್ನ ಹೆಜ್ಜೇನಾ?"

"ಹಾಡು ಒಂದ್ ಕಡೆ, ನಿಮ್ ಕಾಲ್ ಒಂದ್ ಕಡೆ. ನೀವು ನೂರಿಪ್ಪತ್ತಕ್ಕೆ ಓಗ್ತಾ ಇದೀರಿ. ಅಮ್ಮಾವ್ರು ನಿಮ್ ಹಿಮ್ಮಡಿ ನೋಡ್ಕೊಂಡು ಬತ್ತಾ ಅವ್ರೆ."

ಸರೋಜ ಕಣ್ಣೊರೆಸಿಕೊಂಡಳು. ಅವಳ ತುಟಿಯ ಮೂಲೆ ಅದುರಿತು, ಅದು ಅಳುವಿನ ಅದುರಲ್ಲ. ಬೆರಳು ತೋರಿಸಿ, ನನ್ನದೇ ದನಿಯಲ್ಲಿ ಹೇಳಿದಳು:

"ರೀ, ಸಾಲಿನಿಂದ ಆಚೆ ಬನ್ನಿ."

ಬಂದೆ. ಮತ್ತೇನು ಮಾಡಲಿ? ಪಟ್ಟಿಗಳನ್ನು ಬಿಚ್ಚಿ ಧರಣೇಂದ್ರನ ಬೆನ್ನಿಗೆ ಹಾಕಿದೆ, ಬಕಲು ಬಿಗಿಮಾಡಿದೆ. ಅವನು ಹೊರಡಲಿಲ್ಲ. ಹಾಡನ್ನು ಮೊದಲಿನಿಂದ ಹಾಕಿ, ನಿಂತಲ್ಲೇ ಕೋಲಿನ ಸದ್ದಿಗೆ ಕಾಲೆತ್ತಿ ಇಡತೊಡಗಿದ, ಎಷ್ಟು ಹೊತ್ತಾದರೂ ಅವಸರವಿಲ್ಲದವನ ಹಾಗೆ. ಸರೋಜಳ ಬಲಪಾದದ ಹೆಬ್ಬೆರಳು ಅಲುಗಿತು. ಹಿಮ್ಮಡಿ ಎದ್ದಿತು. ಅವಳು ನಡೆದಳು.

ನಾನು ಗೌಡರ ಜೊತೆ ಹಿಂದೆ ಉಳಿದೆ. ಐವತ್ತು ವರ್ಷ ಸಂಸಾರ ಮಾಡಿದ್ದೇನೆ, ಯಾವಾಗಲೂ ಅವಳಿಗಿಂತ ಹತ್ತು ಹೆಜ್ಜೆ ಮುಂದೆ. ಅವಳು ನಡೆಯುವುದನ್ನು ಹಿಂದಿನಿಂದ ನೋಡಿದ್ದು ಇದೇ ಮೊದಲು. ಎಡಗಾಲು ಇಡುವಾಗ ತಲೆ ಸ್ವಲ್ಪ ವಾಲುತ್ತದೆ, ಕೋಲಾಟದಲ್ಲಿ ಪಕ್ಕದವರ ಕೋಲಿಗೆ ಕೋಲು ತಾಗಿಸುವಾಗಿನ ಹಾಗೆ. ಅಭ್ಯಾಸಬಲದಿಂದ ಹೆಜ್ಜೆ ಎಣಿಸುತ್ತಿದ್ದೆ. ಎಲ್ಲೋ ನೂರರ ಆಚೆ ಎಣಿಕೆ ತಪ್ಪಿತು. ನನ್ನ ವೃತ್ತಿಯವರಿಗೆ ಇದು ಹೇಳಿಕೊಳ್ಳುವ ಮಾತಲ್ಲ.

ಹುಂಜ ಮತ್ತೊಂದು ಸಲ ಕೂಗುವ ಹೊತ್ತಿಗೆ ಅವಳು ಬಂಡೆಯ ಮೇಲೆ ಕೈಯಿಟ್ಟಿದ್ದಳು. ಕೂತು, ಚಪ್ಪಲಿ ಬಿಟ್ಟು, ಕಾಲನ್ನು ನೀರಿಗೆ ಇಳಿಬಿಟ್ಟು, "ಕಾಫಿ" ಎಂದು ಕೈ ನೀಡಿದಳು. ಫ್ಲಾಸ್ಕು ತೆಗೆದು ಬಗ್ಗಿಸಿಕೊಟ್ಟೆ. ಗೌಡರು ತಂದ ಕುರ್ಚಿಯಲ್ಲಿ ನಾನು ಕೂತೆ. ಯಾರಿಗೋ ಒಬ್ಬರಿಗೆ ಅದು ಬೇಕಾಗಿತ್ತು.

"ಧರಣೇಂದ್ರ" ಎಂದಳು ಸರೋಜ, "ಜರಡಿ ವಾಪಸ್ ಕೊಡೋದೇನೂ ಬೇಡ."

ಆ ದಿನದ ಉಳಿದ ಕೆಲಸಗಳು: ವಾಪಸು ನಡಿಗೆ, ಒಂದು ಕಡೆ ಮಾತ್ರ ನಿಂತಳು, ಕಾಲು ತಾನಾಗಿಯೇ ಬಿಟ್ಟಿತು. ಊಟ, ಪಾತ್ರೆ, ಹಗ್ಗ ಬಿಗಿಮಾಡಿದ್ದು. ಸಂಜೆ ಆರಕ್ಕೆ ಕ್ಯಾಂಪಿನ ಪುಸ್ತಕ ಬರೆದೆ. ಅದರಲ್ಲಿ ನಾನೇ ಗೆರೆ ಹಾಕಿಟ್ಟ ಕೆಲವು ಕಾಲಮುಗಳಿವೆ. ಹಾಜರಿ: ಸರೋಜ, ಎರಡು ವರ್ಷದ ಮೇಲೆ. ಮುಂದಾಳು: ಧರಣೇಂದ್ರ. ಹೆಜ್ಜೆ ತಪ್ಪಿದವರು ಎಂಬ ಕಾಲಮಿನಲ್ಲಿ ನನ್ನ ಹೆಸರು ಬರೆದು ಸಹಿ ಹಾಕಿದೆ. ಧರಣೇಂದ್ರ ಹೆಗಲ ಮೇಲಿಂದ ಬಗ್ಗಿ ಓದಿ, "ಮೈಕ್ ಕಾಯೋಕ್ ಕಳಿಸ್ಲಾ ಮೇಷ್ಟ್ರೇ?" ಎಂದ.

ಆರೂ ಮುಕ್ಕಾಲಿಗೆ ಪಂಪನ್ನು ಹೊಲದ ಆಚೆ ತುದಿಯಲ್ಲಿ ಕರೆಂಟಿರುವ ಗೌಡರ ಮೋಟಾರು ಮನೆಗೆ ಒಯ್ದು ಚಾರ್ಜಿಗೆ ಹಾಕಿದೆ. ಕೆಂಪು ದೀಪ ಹತ್ತಿತು. ಹೊರಡುವಾಗ ಸರೋಜ ಹೇಳಿ ಕಳಿಸಿದ್ದು ನೆನಪಾಯಿತು: "ನಾಳೆ ಆರಕ್ಕೆ ಎಬ್ಬಿಸೋದಾದ್ರೆ ಹಾಡಲ್ಲಿ ಎಬ್ಬಿಸಿ." ಕೊರಳಿನಿಂದ ಸೀಟಿ ತೆಗೆದೆ. ಪಂಪಿನ ಮೇಲಿನ ಮುಚ್ಚಳ ತಿರುಗಿಸಿ, ತೆಂಗಿನ ನಾರಿನ ಮೇಲೆ ಅದನ್ನಿಟ್ಟು, ಮುಚ್ಚಳ ಭದ್ರವಾಗಿ ಹಾಕಿದೆ.